ಬಿಟ್ಟುಕೊಟ್ಟ ಜಾಗ

ಕುಂಬಳೆ ಪೇಟೆಯಲ್ಲಿ ಐಸ್ ಕಂಪನಿಯ ಮಹಡಿ ಮೇಲೆ
ನನ್ನ ಬಾಡಿಗೆ ಕೋಣೆ.
ಕೆಳಗೆ ಇಡೀ ರಾತ್ರಿ ಮಂಜುಗಡ್ಡೆ ಒಡೆಯುವ ಸದ್ದು.
ಮೇಲೆ ಕರ್ನೆಲ್ ಒಡೆದರೆ ಸದ್ದೇ ಇಲ್ಲ.

ಸೋಮವಾರ ಬೆಳಗಿನ ಜಾವ ಮೂರು ಹತ್ತಕ್ಕೆ
ಪರೀಕ್ಷೆಯ ಯಂತ್ರ ಬಿದ್ದುಕೊಂಡಿತು, ಬೀಳುವ ಮೊದಲು
ಉದ್ದದೊಂದು ವಿಳಾಸ ಉಗುಳಿ:
ಇಲ್ಲಿ ಯಾರೋ ಓದಿದರು.
ಇದು ಬಿಟ್ಟುಕೊಟ್ಟ ಜಾಗ.

ಅಷ್ಟೇ ದೂರು.
ಒಂದು ಕೈ ಜಾಗ ಹಿಂದಿರುಗಿಸಿದೆ,
ಇನ್ನೊಂದು ಕೈಗೆ ಯಾರೂ ಹೇಳಿಲ್ಲ;
ಹಳೇ ಚೀಟಿ ಹಿಡಿದು ಅದು ಅಲ್ಲಿಗೇ ಹೋಗಿ ಕದ ತಟ್ಟುತ್ತದೆ.
ಯಾರೋ ತೆರೆಯುತ್ತಾರೆ.

ಪೋಸ್ಟಿನ ಐತಪ್ಪಣ್ಣನಿಗೆ ಇದು ಹೊಸತಲ್ಲ.
ಆರಿಕ್ಕಾಡಿಯಲ್ಲಿ ಹೆದ್ದಾರಿ ಅಗಲವಾದಾಗ
ದರ್ಜಿ ಕುಂಞಂಬು ಮೆಷಿನ್ನು ಹೊತ್ತು ನೀಲೇಶ್ವರಕ್ಕೆ ಹೋದ.
ಅದೇ ನಂಬರಿಗೆ ಮೊಬೈಲಿನ ಅಂಗಡಿ ಬಂತು.
ಚಿಟ್ ಫಂಡಿನ ಚೆಕ್ಕೂ ಅಲ್ಲಿಗೇ ಬಂತು.
ಅಂಗಡಿಯ ಹುಡುಗ ಸಹಿ ಹಾಕಿದ,
ಕುಂಞಂಬು ಅಂತಲೇ, ದುಂಡಗೆ, ಮಲಯಾಳದಲ್ಲಿ.
‘ನಂಬರು ಸರಿ ಇತ್ತು ಮಾರಾಯ್ತಿ,’ ಅಂದಿದ್ದ ಐತಪ್ಪಣ್ಣ,
‘ಮನುಷ್ಯ ಸರಿ ಇರಲಿಲ್ಲ.
ಕಾಲು ಗೊತ್ತಿದ್ದ ದಾರಿಗೇ ಹೋಯಿತು.’

ಕರ್ನೆಲ್ಲಿಗೂ ಅಂಥ ಹುಡುಗರು ಬರುತ್ತಾರೆ.
ಜಾಗ ತೆರವಾಗುವುದನ್ನೇ ಕಾದು
ಅದೇ ಅಳತೆಯ ಚಾಪೆ ಹಾಸಿ, ಸಾವಿರ ಸಲ ಹಾಸಿ,
ಬರುವ ಕಾಗದಕ್ಕೆ ಮನೆಯವರಂತೆ ಕೈ ಚಾಚುತ್ತಾರೆ.
ಕಾಗದದೊಳಗೆ ಇರುವುದು
ಊರಿನ ಎಲ್ಲ ಬಾಗಿಲುಗಳ ಬೀಗದ ಕೈ.

ಗೊತ್ತಿದ್ದದ್ದು ನಾಲ್ವರಿಗೆ. ಮೂವರ ಮುಖ ನಾನು ನೋಡಿಲ್ಲ.
ಹದಿನಾಲ್ಕು ದಿನ ಬಾಯಿ ಮುಚ್ಚಿರಬೇಕೆಂದು ಮಾತಾಯಿತು.
‘ಎಂತ, ಲೈಟು ಆರುವುದೇ ಇಲ್ಲ ನಿಂದು?’
ಕೇಳಿದ ಐಸಿನ ಬಾಪುಂಞಿ.
ಜ್ವರ, ಅಂದೆ.
ಒಂದು ತುಂಡು ಮಂಜು ಕಾಗದದಲ್ಲಿ ಸುತ್ತಿ
ಮೆಟ್ಟಿಲ ಮೇಲಿಟ್ಟು ಹೋದ.

ತಪ್ಪು ಒಂದು ಟೈಮರಿನದು.
ಸಾಧನ ಕಿತ್ತ ಮೇಲೂ ಓಡುತ್ತಿತ್ತು,
ಮೂರು ಸೆಕೆಂಡು ಬಿಟ್ಟು
ಸತ್ತವನನ್ನು ಹೆಸರು ಹಿಡಿದು ಕರೆಯುತ್ತಿತ್ತು.
ಮೊದಲು ಬೀಗ ಹಾಕಿ ನೋಡಿದೆ.
ಬೀಗ ಹಿಡಿದವನು ಟೈಮರಿಗೆ ಕಾದ,
ಟೈಮರು ಬೀಗಕ್ಕೆ ಕಾಯಿತು,
ನೀ ಮೊದಲು ನೀ ಮೊದಲು ಅನ್ನುತ್ತ ಬೆಳಗಾಯಿತು.
ಎಂಟನೇ ದಿನ ಹೊಳೆಯಿತು, ಸಾಲುಗಳ ಸರದಿಯೇ ತಪ್ಪು:
ಗಡಿಯಾರ ನಿಲ್ಲಿಸು, ಆಮೇಲೆ ಜಾಗ ಬಿಡು,
ಕೈಯಲ್ಲುಳಿದ ಚೀಟಿಯಲ್ಲಿ ಸೊನ್ನೆ ಬರೆ.
ವಿವರಣೆಗೆ ಏಳು ಪದ. ಒಂದೂ ಭಯದ್ದಲ್ಲ,
ಹಾದುಹೋಗುವವರು ತಿರುಗಿ ನೋಡಬಾರದು.

ಸೊನ್ನೆ ಬರೆಯುವಾಗ ಅಜ್ಜಿಯ ನೆನಪು ಏಕೆ ಬಂತೋ.
ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು,
ಕೊನೆಯ ಕಾರ್ಡಿನವರೆಗೂ ಹಾಗೇ ಬರೆದವಳು.
ಆ ಜಿಲ್ಲೆ ನಮ್ಮನ್ನು ಐವತ್ತಾರರಲ್ಲೇ ಬಿಟ್ಟುಕೊಟ್ಟಿದೆ.
ಅವಳಿಗೆ ಯಾರೂ ಹೇಳಿರಲಿಲ್ಲ ಎಂದಲ್ಲ.
ಹೇಳಿದ್ದರು, ಬೋರ್ಡುಗಳೂ ಹೇಳಿದ್ದವು.
ಉತ್ತರಗಳು ಮಾತ್ರ ತಪ್ಪದೆ ಬಂದವು,
ನಡುವೆ ಯಾರೋ ಐತಪ್ಪ
ಸುಮ್ಮನೆ ತಿದ್ದಿಕೊಂಡು ನಡೆದಿರಬೇಕು.
ಯಂತ್ರದೊಳಗೆ ಅಂಥವನನ್ನು ಇಡುವಂತಿಲ್ಲ.

ಹದಿನೈದನೇ ದಿನ ಸುದ್ದಿ ಹೊರಬಿತ್ತು, ನಂಬರು ಬಿತ್ತು.
ಹೊಸತೆಲ್ಲ ತಿದ್ದಿಕೊಂಡವು.
ನಾನು ಎರಡು ಹಗಲು ಮಲಗಿದ್ದು
ಶನಿವಾರ ರೇಷನ್ ಅಂಗಡಿಗೆ ಹೋದೆ.
ಅದ್ರಾಮನ ಮೇಜಿನ ಮೇಲೆ ಹೆಬ್ಬೆಟ್ಟಿನ ಯಂತ್ರ,
ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅದರ ಆವೃತ್ತಿ.
ಓದಿದೆ. ತುಂಬ ಹಳತು.
ನಮ್ಮ ತಿದ್ದುಪಡಿ ಇಲ್ಲಿಯವರೆಗೆ ಬರುವುದಿಲ್ಲ,
ಬರಿಸುವವರು ಯಾರೆಂದು ಅದ್ರಾಮನಿಗೂ ಗೊತ್ತಿಲ್ಲ.
‘ಬೇಗ ಒತ್ತಿ ಟೀಚರೇ, ಹಿಂದೆ ಜನ ಉಂಟು.’
ನಾನು ಟೀಚರಲ್ಲ.
ಒತ್ತಿದೆ.
ಯಂತ್ರ ಸ್ವಲ್ಪ ಹೊತ್ತು ನನ್ನನ್ನು ಹುಡುಕಿತು.
ಐದು ಕಿಲೋ ಕುಚ್ಚಿಲಕ್ಕಿ, ಅಂದ ಅದ್ರಾಮ.
ಚೀಲದ ಬಾಯಿ ಹಿಡಿದೆ.